ಹಳದಿ ಕಾಲಮ್ಮಿನ ಟೀಚರ್

ಟೀಚರ್ ತೀರಿಕೊಂಡದ್ದು ನನಗೆ ಗೊತ್ತಾದದ್ದು ಹನ್ನೊಂದು ದಿನ ಕಳೆದ ಮೇಲೆ. ಜೋಗೇಶ್ವರಿ ಸ್ಟೇಷನ್ನಿನ ಸೇತುವೆಯ ಮೇಲೆ ನಮ್ಮ ಹಳೆಯ ಲಿಫ್ಟ್ ಮೆಕ್ಯಾನಿಕ್ ಯಾದವ್ ಎದುರಾಗಿ, "ಅರೆ, ಟೀಚರ್ ಗುಜರ್ ಗಯೀ, ಮಾಲೂಮ್ ನಹೀ ಕ್ಯಾ?" ಎಂದ. ಹಿಂದಿನಿಂದ ಜನ ನೂಕುತ್ತಿದ್ದರು. ನಿಂತು ಎರಡು ಮಾತು ಕೇಳುವಷ್ಟೂ ಜಾಗವಿರಲಿಲ್ಲ. ಅವನನ್ನು ಆ ಕಡೆ ತಳ್ಳಿಕೊಂಡು ಹೋದರು, ನನ್ನನ್ನು ಈ ಕಡೆ. ಯಾರೂ ಒಂದು ಫೋನ್ ಮಾಡಲಿಲ್ಲವಲ್ಲ ಎಂದು ಮೊದಲು ಸಿಟ್ಟು ಬಂತು. ಯಾರು ಯಾಕೆ ಮಾಡಬೇಕು ಎಂದು ಆಮೇಲೆ ಅನ್ನಿಸಿತು. ಅವರು ಕೆಲಸ ಬಿಟ್ಟ ನಂತರ ನಾನು ಅವರನ್ನು ನೋಡಲು ಹೋದದ್ದೇ ಒಂದು ಸಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರ ಮಗಳಿಗೆ ಅದು ಇಷ್ಟವಾಗಲಾರದು ಎನ್ನುವುದು ಒಂದು ಕಾರಣ. ಆಫೀಸಿನಲ್ಲಿ ಅವರನ್ನು ಹೆಸರು ಹಿಡಿದು ಕರೆದವರೇ ಇರಲಿಲ್ಲ ಎನ್ನುವುದು ಇನ್ನೊಂದು. ಸೇಠ್‌ನಿಂದ ಹಿಡಿದು ಚಾ ತರುವವನವರೆಗೆ ಎಲ್ಲರಿಗೂ ಅವರು ಟೀಚರ್.

ನಮ್ಮ ಕಂಪನಿ ದೊಡ್ಡದೇನಲ್ಲ. ಜೋಗೇಶ್ವರಿಯ ಒಂದು ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಒಂದರ ಮೇಲೊಂದು ಎರಡು ಗಾಳಾ, ಎಂದರೆ ಕಾರ್ಖಾನೆಯ ಕೋಣೆ. ಕೆಳಗಿನದರಲ್ಲಿ ಲಿಫ್ಟುಗಳ ಕಂಟ್ರೋಲ್ ಪ್ಯಾನೆಲ್ ಜೋಡಿಸುತ್ತಾರೆ. ಮೇಲಿನದರಲ್ಲಿ ಆ ಪ್ಯಾನೆಲ್ಲಿನ ಸಾಫ್ಟ್‌ವೇರ್ ಬರೆಯುವ ನಾವು ಆರು ಜನ. ಕಿಟಕಿ ಉಂಟು, ಆದರೆ ಕೈ ಚಾಚಿದರೆ ಸಿಗುವಷ್ಟು ಹತ್ತಿರ ಪಕ್ಕದ ಕಟ್ಟಡದ ಗೋಡೆ. ಬೆಳಿಗ್ಗೆ ಒಳಗೆ ಹೋದವನಿಗೆ ಹೊರಗೆ ಬಿಸಿಲೋ ಮಳೆಯೋ ಎಂದು ಸಂಜೆ ಮೆಟ್ಟಿಲಿಳಿದಾಗಲೇ ಗೊತ್ತಾಗುವುದು. ಈ ಗವಿಯಲ್ಲಿ ನಾನು ಒಂಬತ್ತು ವರ್ಷ ಕಳೆದಿದ್ದೇನೆ, ಇನ್ನೂ ಕಳೆಯುತ್ತಿದ್ದೇನೆ.

ಟೀಚರ್ ಹುಟ್ಟಿದ್ದು ವಿಜಾಪುರದ ಕಡೆ, ಬೆಳೆದದ್ದೆಲ್ಲ ಮುಂಬಯಿಯಲ್ಲಿ. ತಂದೆ ಕಟ್ಟಡ ಕಟ್ಟುವ ಕೆಲಸಕ್ಕೆ ಬಂದವರು. ಈಕೆ ಡಿ.ಎಡ್. ಮಾಡಿ ಕನ್ನಡ ಮಾಧ್ಯಮದ ಒಂದು ಶಾಲೆ ಸೇರಿ ಇಪ್ಪತ್ತು ವರ್ಷ ಪಾಠ ಹೇಳಿದರು. ಆಮೇಲೆ ಆ ಶಾಲೆ ಮುಚ್ಚಿತು. ಯಾಕೆ ಮುಚ್ಚಿತು ಎಂದು ಮುಂಬಯಿಯ ಕನ್ನಡಿಗರಿಗೆ ಹೇಳಬೇಕಾಗಿಲ್ಲ, ನಮ್ಮ ಮಕ್ಕಳನ್ನು ನಾವು ಎಲ್ಲಿಗೆ ಕಳಿಸುತ್ತೇವೆ ಎಂದು ನಮಗೇ ಗೊತ್ತು. ನಮ್ಮಲ್ಲಿಗೆ ಅವರು ಬಂದದ್ದು ಟೈಪಿಂಗ್ ಕೆಲಸಕ್ಕೆ, ಕಾಂಟ್ರಾಕ್ಟಿನ ಮೇಲೆ. ಒಂದೇ ವರ್ಷದಲ್ಲಿ ಪರೀಕ್ಷೆಯ ಸ್ಕ್ರಿಪ್ಟ್ ಬರೆಯಲು ಕಲಿತರು. ಕಲಿಸಿದವನು ನಾನೇ. ಏನು ಹೇಳಿದರೂ ನೋಟ್‌ಬುಕ್ಕಿನಲ್ಲಿ ದುಂಡಗೆ ಬರೆದುಕೊಂಡು, ಕೆಳಗೆ ಸ್ಕೇಲು ಇಟ್ಟು ಗೆರೆ ಎಳೆಯುತ್ತಿದ್ದರು. ಮೊದಮೊದಲು ನನಗೆ ಇದು ತಮಾಷೆಯಾಗಿತ್ತು.

ನಮ್ಮ ಪರೀಕ್ಷೆ ಎಂದರೆ ಇಷ್ಟು. ಒಂದು ಉದ್ದನೆಯ ಬೆಂಚಿನ ಮೇಲೆ ಲಿಫ್ಟಿನ ಅಂಗಾಂಗಗಳನ್ನೆಲ್ಲ ಹರಡಿರುತ್ತೇವೆ. ಬಟನ್ನು, ಬಾಗಿಲಿನ ಮೋಟಾರು, ಬ್ಯಾಟರಿ, ದೀಪ. ದಿನಾ ಬೆಳಿಗ್ಗೆ ಕಂಪ್ಯೂಟರ್ ತಾನಾಗಿಯೇ ಇನ್ನೂರಕ್ಕೂ ಮಿಕ್ಕಿ ಪರೀಕ್ಷೆ ನಡೆಸಿ, ಗೋಡೆಯ ಟಿವಿಯ ಮೇಲೆ ಫಲಿತಾಂಶ ತೋರಿಸುತ್ತದೆ. ಬೆಂಚಿನ ಮೇಲೆ ಯಾವುದೋ ಸಾಮಾನು ಇಲ್ಲ ಎಂದರೆ ಅದರ ಪರೀಕ್ಷೆಯ ತಲೆಯ ಮೇಲೆ 'ಸ್ಕಿಪ್' ಎಂದು ಒಂದು ಸಾಲು ಬರೆದಿಟ್ಟರಾಯಿತು, ಕಂಪ್ಯೂಟರ್ ಅದನ್ನು ದಾಟಿಕೊಂಡು ಮುಂದೆ ಹೋಗುತ್ತದೆ. ಇದರಲ್ಲಿ ತಪ್ಪಿಲ್ಲ, ಎಲ್ಲ ಕಡೆಯೂ ಮಾಡುತ್ತಾರೆ. ತಪ್ಪು ಇದ್ದದ್ದು ರಿಪೋರ್ಟಿನಲ್ಲಿ. ಆ ರಿಪೋರ್ಟಿನ ಪ್ರೋಗ್ರಾಮ್ ಬರೆದವನು ನಾನು. ಫೇಲ್ ಆದದ್ದಿದ್ದರೆ ಕೆಂಪು, ಇಲ್ಲದಿದ್ದರೆ ಹಸಿರು. ನಡೆಸದೇ ಬಿಟ್ಟ ಪರೀಕ್ಷೆ ಫೇಲ್ ಆಗುವುದು ಹೇಗೆ? ಹಾಗಾಗಿ ಅದಕ್ಕೂ ಹಸಿರು ಬಣ್ಣ ಬಂತು.

ಇದನ್ನು ಕಂಡುಹಿಡಿದವರು ಟೀಚರ್. ಕಂಡುಹಿಡಿದದ್ದೂ ಪ್ರೋಗ್ರಾಮ್ ಓದಿ ಅಲ್ಲ. ಬೆಳಿಗ್ಗೆ ಬಂದು ಕನ್ನಡಕ ಒರೆಸಿ ಹಾಕಿಕೊಂಡು, ಪರೀಕ್ಷೆಗಳ ಪಟ್ಟಿಯ ಮೇಲೆ ಬೆರಳಿಟ್ಟು ಒಂದೊಂದೇ ಹೆಸರು ಓದುವುದು ಅವರ ಅಭ್ಯಾಸ. ಮೆಲುದನಿಯಲ್ಲಿ, ಆದರೆ ನಮಗೆಲ್ಲ ಕೇಳುವಂತೆ. ನಾವು ಮುಸಿಮುಸಿ ನಗುತ್ತಿದ್ದೆವು. ಕಂಪ್ಯೂಟರಿನ ಹಾಜರಿ ತೆಗೆದುಕೊಳ್ಳುತ್ತಾರೆ ಎಂದು ನಾನೇ ಒಂದು ದಿನ ಅಣಕಿಸಿದೆ. ಅವರು ತಲೆ ಎತ್ತದೆಯೇ ಕೇಳಿದರು:

"ಪಟ್ಟಿನ್ಯಾಗ ಹೆಸರು ಐತಿ, ಓಡಿದ ಟೈಮು ಮಾತ್ರ ಸೊನ್ನಿ ಐತಿ. ಇಂಥವು ಮೂರು ಅದಾವ. ಈ ಮೂರು ಮಂದಿ ಇವತ್ತ ಎಲ್ಲಿ ಹೋಗ್ಯಾರ ತಮ್ಮಾ?"

"ಅವು ಸ್ಕಿಪ್ ಟೀಚರ್. ಎಂತ ದೊಡ್ಡ ವಿಷಯ ಅಲ್ಲ."

"ಸಾಲಿಗೆ ಬರಲಾರದ ಹುಡುಗ್ರನ್ನ ಪಾಸ್ ಅಂತ ಬರ್ಯಾಕ ಬರತೈತೇನು?"

"ಫೇಲ್ ಅಂತ ಬರೆಯಲಿಕ್ಕೂ ಆಗುವುದಿಲ್ಲ ಅಲ್ವಾ?"

"ಅದನ್ನ ನಾನೂ ಹೇಳೂದು. ಬಂದಿಲ್ಲ ಅಂತ ಬರಿ. ಯಾಕ ಬಂದಿಲ್ಲ, ಅದನ್ನ ಬರಿ. ಯಾರು ರಜಾ ಕೊಟ್ರು, ಅವರ ಹೆಸರೂ ಬರಿ."

ಅವರು ಕೇಳಿದ್ದು ಅಷ್ಟೇ. ಹಸಿರು, ಕೆಂಪಿನ ಪಕ್ಕ ಒಂದು ಹಳದಿ ಕಾಲಂ. ಅದರಲ್ಲಿ ಬಿಟ್ಟ ಪರೀಕ್ಷೆ, ಬಿಟ್ಟ ಕಾರಣ, ಬಿಟ್ಟವರ ಹೆಸರು, ಬಿಟ್ಟು ಎಷ್ಟು ದಿನವಾಯಿತು ಎನ್ನುವ ಲೆಕ್ಕ. ನನಗೆ ಅರ್ಧ ದಿನದ ಕೆಲಸ. ಆದರೆ ನಮ್ಮ ತಂಡದ ಮುಖ್ಯಸ್ಥ ಮಿಲಿಂದ್ ಒಪ್ಪಲಿಲ್ಲ. ಅವನು ಕೆಟ್ಟವನಲ್ಲ, ಒಳ್ಳೆಯ ಇಂಜಿನಿಯರ್. ಸೇಠ್ ಮತ್ತು ಗಿರಾಕಿಗಳ ನಡುವೆ ಸಿಕ್ಕಿ ನುಗ್ಗಾಗುತ್ತಿದ್ದವನು. ಹಳದಿ ನೋಡಿದರೆ ಗಿರಾಕಿ ಹತ್ತು ಪ್ರಶ್ನೆ ಕೇಳುತ್ತಾನೆ, ಹಸಿರು ನೋಡಿದರೆ ಸಹಿ ಹಾಕುತ್ತಾನೆ ಎಂದ. ನಾನು ಅವನ ಹಿಂದೆ ನಿಂತು ತಲೆಯಾಡಿಸಿದೆ.

ಟೀಚರ್ ಜಗಳ ಆಡುವವರಲ್ಲ. ಸಿಟ್ಟು ಬಂದರೆ ಕನ್ನಡಕ ತೆಗೆದು ಮೇಜಿನ ಮೇಲಿಡುತ್ತಿದ್ದರು. ಅಷ್ಟು ಮಾಡಿದರೆ ಇಡೀ ಗಾಳಾ ಗಪ್‌ಚುಪ್. ಮಾರನೆಯ ದಿನದಿಂದ ಅವರು ತಮ್ಮ ನೋಟ್‌ಬುಕ್ಕಿನಲ್ಲೇ ಹಳದಿ ಕಾಲಂ ಶುರು ಮಾಡಿದರು, ಸ್ಕೇಲಿನಿಂದ ಗೆರೆ ಎಳೆದು. ದಿನಾ ಸಂಜೆ ನನ್ನ ಮೇಜಿನ ಹತ್ತಿರ ಬಂದು, "ಇದಕ್ಕ ಕಾರಣ ಏನಂತ ಬರೀಲಿ?" ಎಂದು ಕೇಳುವರು. ನಾನು ಏನಾದರೊಂದು ಹೇಳುವೆ. ಅವರು ಬರೆದುಕೊಳ್ಳುವರು. ಹಾಗೆ ಕೇಳುವಾಗ ಮುಖದಲ್ಲಿ ವ್ಯಂಗ್ಯದ ಎಳೆಯೂ ಇರುತ್ತಿರಲಿಲ್ಲ. ವ್ಯಂಗ್ಯ ಇದ್ದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಇಷ್ಟು ಕಟ್ಟುನಿಟ್ಟಿನ ಹೆಂಗಸು ಮನುಷ್ಯರ ವಿಷಯದಲ್ಲಿ ಮಾತ್ರ ಬೆಣ್ಣೆ. ಚಾ ತರುವವನ ಮಗಳಿಗೆ ಊಟದ ಹೊತ್ತಿನಲ್ಲಿ ಫೋನಿನಲ್ಲೇ ಮಗ್ಗಿ ಒಪ್ಪಿಸಿಕೊಳ್ಳುತ್ತಿದ್ದರು. ನನ್ನ ಕನ್ನಡದ ಬಗ್ಗೆ ಅವರಿಗೆ ಹೆಮ್ಮೆ. ನನ್ನ ತಂದೆ ಗ್ರಾಂಟ್ ರೋಡಿನ ಹೋಟೆಲೊಂದರಲ್ಲಿ ಗಲ್ಲಾದಲ್ಲಿ ಕೂರುತ್ತಿದ್ದವರು, ಮನೆಯಲ್ಲಿ ತುಳು; ಆದರೂ ಅಮ್ಮನ ಹಟದಿಂದ ನಾನು ಏಳನೆಯವರೆಗೆ ಕನ್ನಡ ಶಾಲೆಗೆ ಹೋದವನು. "ನಿನ್ನಂಥಾ ಒಬ್ಬಂವ ಉಳದಾನಲ್ಲ, ಸಾಕು" ಎನ್ನುತ್ತಿದ್ದರು. ಆ ಮಾತು ಕೇಳಿದಾಗೆಲ್ಲ ನನಗೆ ಎಲ್ಲಾದರೂ ಎದ್ದು ಹೋಗಬೇಕು ಅನ್ನಿಸುತ್ತಿತ್ತು.

ಆ ವರ್ಷ ಘಾಟ್ಕೋಪರಿನ ಒಂದು ಸೊಸೈಟಿಯ ಕೆಲಸ ಬಂತು. ಹಳೆಯ ಬಿಲ್ಡಿಂಗ್ ಕೆಡವಿ ಹನ್ನೊಂದು ಮಹಡಿಯದು ಕಟ್ಟಿದ್ದರು. ಮೂರು ವರ್ಷ ಬಾಡಿಗೆ ಮನೆಗಳಲ್ಲಿ ಕಳೆದ ಜನ ಗುರುವಾರ ವಾಪಸು ಬರುವುದು, ಪೂಜೆಗೆ ಮುಹೂರ್ತವೂ ಆಗಿತ್ತು. ಲಿಫ್ಟಿನ ಪ್ಯಾನೆಲ್ ನಮ್ಮದು. ರಿಪೋರ್ಟ್ ಎಲ್ಲ ಹಸಿರು, ಕೆಳಗೆ ನನ್ನ ಸಹಿ. ಕಳಿಸಿಯೂ ಆಗಿತ್ತು.

ಆದರೆ ಟೀಚರ್ ನೋಟ್‌ಬುಕ್ಕಿನಲ್ಲಿ ಒಂದು ಪರೀಕ್ಷೆ ಎರಡು ತಿಂಗಳಿಂದ ಹಳದಿಯಲ್ಲಿ ಕೂತಿತ್ತು. ಕರೆಂಟು ಹೋದರೆ ಬ್ಯಾಟರಿಯ ಬಲದಿಂದ ಲಿಫ್ಟು ಹತ್ತಿರದ ಮಹಡಿಗೆ ಬಂದು ಬಾಗಿಲು ತೆರೆಯಬೇಕು, ಅದರ ಪರೀಕ್ಷೆ. ಬೆಂಚಿನ ಬ್ಯಾಟರಿ ಬೋರ್ಡನ್ನು ಯಾವುದೋ ಅರ್ಜೆಂಟಿಗೆ ಬೇರೆ ಸೈಟಿಗೆ ಕೊಟ್ಟಿದ್ದೆವು. ಅದು ವಾಪಸು ಬರಲಿಲ್ಲ, ನಾನು ಹಾಕಿದ ಸ್ಕಿಪ್ಪೂ ಹೋಗಲಿಲ್ಲ. ಈ ನಡುವೆ ಬಾಗಿಲಿನ ಸಾಫ್ಟ್‌ವೇರಿನಲ್ಲಿ ನಾನೇ ಒಂದು ಬದಲಾವಣೆ ಮಾಡಿದ್ದೆ.

ಮಂಗಳವಾರ ಟೀಚರ್ ನನ್ನನ್ನು ಕೇಳಿದರು, "ಆ ಲಿಫ್ಟು ಕರೆಂಟ್ ಹೋದ್ರ ಬಾಗಲಾ ತಗೀತೈತೋ ಇಲ್ಲೋ?"

"ತೆಗೆಯುತ್ತದೆ ಟೀಚರ್. ಹಿಂದೆ ಎಲ್ಲ ಕಡೆ ತೆಗೆದಿದೆ."

"ಹಿಂದಿಂದು ಬ್ಯಾಡ. ಈಗ?"

"ಈಗಲೂ ತೆಗೆಯಬಹುದು."

"ಬಹುದು ಅಂತ ಕಾಲಂ ಇಲ್ಲ ನನ್ನ ಬುಕ್ಕಿನ್ಯಾಗ."

ಬುಧವಾರ ಮಧ್ಯಾಹ್ನ ಲಿಫ್ಟಿನ ಡಿಸ್‌ಪ್ಲೇ ಸರಿಮಾಡಲು ನಾನು ಘಾಟ್ಕೋಪರಿಗೆ ಹೋಗಬೇಕಿತ್ತು. ಟೀಚರ್ ತಾವೂ ಬರುವುದಾಗಿ ಹೇಳಿದರು. ಅಂಧೇರಿಯವರೆಗೆ ಲೋಕಲ್, ಅಲ್ಲಿಂದ ಮೆಟ್ರೋ. ದಾರಿಯುದ್ದಕ್ಕೂ ತಮ್ಮ ಮಗಳ ವಿಷಯ, ಬದನೆಕಾಯಿಯ ವಿಷಯ ಮಾತಾಡಿದರು. ನಾನು ನಿರುಮ್ಮಳನಾದೆ.

ಬಿಲ್ಡಿಂಗಿನಲ್ಲಿ ಬಣ್ಣದವರು ಬಿಟ್ಟರೆ ಯಾರೂ ಇರಲಿಲ್ಲ. ಕೆಲಸ ಮುಗಿಯಿತು. ಟೀಚರ್ ಮೇಲಿನ ಮಹಡಿಯಿಂದ ಒಂದು ಸಲ ಇಳಿದು ನೋಡುತ್ತೇನೆ ಎಂದು ಹೋದರು. ಲಿಫ್ಟಿನೊಳಗೆ ನಿಂತು ಫೋನ್ ಮಾಡಿದರು. "ತಮ್ಮಾ, ನಾ ಹೊಂಟೇನಿ. ನಡುವ ಇದ್ದಾಗ ಕೆಳಗ ಮೇನ್ ಸ್ವಿಚ್ಚು ಆರಿಸು."

ಬೇಡ ಎಂದೆ. ಯಾದವ್ ಕೂಡ ಇಲ್ಲ, ಅವನು ಜೋಗೇಶ್ವರಿಯಲ್ಲಿದ್ದಾನೆ ಎಂದೆ. "ತಗೀತೈತಿ ಅಂದಿಯಲ್ಲ" ಎಂದರು. ತೆಗೆಯುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ಗೊತ್ತಿಲ್ಲ ಎನ್ನಲೂ ಬರಲಿಲ್ಲ, ಸಹಿ ಹಾಕಿದವನು ನಾನು. ಸ್ವಿಚ್ಚು ಆರಿಸಿದೆ.

ಲಿಫ್ಟು ನಾಲ್ಕು ಮತ್ತು ಐದನೇ ಮಹಡಿಯ ನಡುವೆ ನಿಂತಿತು. ಬಾಗಿಲು ತೆರೆಯಲಿಲ್ಲ. ಒಂದು ನಿಮಿಷ ಕಾದೆ, ಎರಡು ನಿಮಿಷ ಕಾದೆ. ಸ್ವಿಚ್ಚು ಮತ್ತೆ ಹಾಕಿದೆ. ಆಗಲೂ ಅಲುಗಲಿಲ್ಲ. ಪ್ಯಾನೆಲ್ಲಿನಲ್ಲಿ ಕೆಂಪು ದೀಪ ಹತ್ತಿಕೊಂಡು ಕೂತಿತು. ಮೆಟ್ಟಿಲು ಹತ್ತಿ ಐದನೇ ಮಹಡಿಗೆ ಓಡಿ ಬಾಗಿಲು ಬಡಿದೆ.

"ಅಂಜಬ್ಯಾಡ," ಒಳಗಿನಿಂದ ದನಿ ಬಂತು, ನನ್ನ ಪಾದದ ಹತ್ತಿರದಿಂದ. "ಟೈಮ್ ಬರಕೋ."

ಯಾದವ್‌ಗೆ ಫೋನ್ ಮಾಡಿದೆ. ಲೋಕಲ್, ಮೆಟ್ರೋ, ಆಮೇಲೆ ಮೇಲಿನ ಮೆಷಿನ್ ರೂಮಿಗೆ ಹೋಗಿ ಚಕ್ರವನ್ನು ಕೈಯಿಂದ ತಿರುಗಿಸಿ ಲಿಫ್ಟನ್ನು ಇಳಿಸುವುದು. ಒಂದೂವರೆ ಗಂಟೆಯಂತೂ ಬೇಕು ಎಂದ. ನಾನು ಅಲ್ಲೇ ನೆಲದ ಮೇಲೆ ಕೂತೆ. ಬಾಗಿಲ ಸಂದಿಯಲ್ಲಿ ಬಾಯಿಟ್ಟು ಮಾತಾಡಿದರೆ ಕೇಳುತ್ತಿತ್ತು. ಪ್ಯಾನೆಲ್ ಲಾಕ್ ಆದದ್ದರಿಂದ ಒಳಗೆ ದೀಪವಿಲ್ಲ, ಫ್ಯಾನಿಲ್ಲ. ಐವತ್ತೈದು ದಾಟಿದ ಹೆಂಗಸು, ಬಿ.ಪಿ. ಬೇರೆ. ನನಗೆ ಅಳು ಬಂದಿತ್ತು, ಅದು ದನಿಯಲ್ಲಿ ಬೈಗುಳವಾಗಿ ಬಂತು.

"ಖಾಲಿ ಲಿಫ್ಟಿನಲ್ಲಿ ನೋಡಬಹುದಿತ್ತಲ್ಲ ಟೀಚರ್. ನೀವು ಒಳಗೆ ಯಾಕೆ ಹೋದದ್ದು?"

"ಖಾಲಿ ಲಿಫ್ಟ್ ಸಿಕ್ಕೊಂಡಿದ್ರ ನೀ ಮುಂದಿನ ವಾರ ನೋಡೋಣ ಅಂತಿದ್ದಿ."

ಅದು ನೂರಕ್ಕೆ ನೂರು ನಿಜ. ಆಮೇಲೆ ಅವರೇ ಮಾತು ತೆಗೆದರು. ಆ ಕತ್ತಲಲ್ಲಿ ಕೂತು ಅವರು ಹೇಳಿದ್ದನ್ನು ಅದಕ್ಕೆ ಮೊದಲು ಯಾರಿಗಾದರೂ ಹೇಳಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ.

ಅವರ ಶಾಲೆ ಮುಚ್ಚುವ ಮೊದಲಿನ ವರ್ಷಗಳ ಮಾತು. ಹಾಜರಿ ಇಷ್ಟಕ್ಕಿಂತ ಕಡಿಮೆಯಾದರೆ ತರಗತಿ ರದ್ದು ಎಂಬ ಹೆದರಿಕೆ. ಊರಿಗೆ ಹೋದ ಮಕ್ಕಳು, ಕೆಲಸದ ಸೈಟಿನ ಜೊತೆ ಬೇರೆಡೆಗೆ ಹೋದವರ ಮಕ್ಕಳು, ಸುಮ್ಮನೆ ಬಾರದ ಮಕ್ಕಳು, ಎಲ್ಲರನ್ನೂ ಹಾಜರು ಎಂದು ಬರೆಯುತ್ತಿದ್ದರು. ಟೀಚರ್ ಒಬ್ಬರೇ ಅಲ್ಲ, ಎಲ್ಲರೂ. ಹೆಸರು ಕೂಗುವುದನ್ನೇ ಬಿಟ್ಟಿದ್ದರು, ಬೆಳಿಗ್ಗೆ ಬಂದು ಕಾಲಮ್ಮಿನ ಉದ್ದಕ್ಕೂ ಟಿಕ್ ಹಾಕಿಬಿಡುವುದು. ಶಾಲೆ ಉಳಿಯಲಿ ಎಂದು ಮಾಡಿದ್ದು, ಕೆಟ್ಟದ್ದಕ್ಕೆ ಅಲ್ಲ.

"ಒಂದಿನ ಸಂಜೀಕ ಮೂರನೇ ಇಯತ್ತೆ ಹುಡುಗಿ ಅವ್ವ ಬಂದ್ಲು," ಎಂದರು. "ಮಗಳು ಮನಿಗೆ ಬಂದಿಲ್ಲ, ಸಾಲಿಗೆ ಬಂದಿತ್ತೇನ್ರಿ ಅಂತ. ನನಗ ನೆನಪಿರಲಿಲ್ಲ ತಮ್ಮಾ. ಹೆಡ್‌ಮಾಸ್ತರ್ ಬಾಜೂಕ ನಿಂತಿದ್ರು. ನಾ ಹಾಜರಿ ಪುಸ್ತಕ ತಗದು ತೋರಿಸಿದೆ. ಬಂದಾಳ ನೋಡವಾ, ಹಾಜರ್ ಐತಿ ಅಂತ."

ಹುಡುಗಿ ಶಾಲೆ ಬಿಟ್ಟ ಮೇಲೆ ಕಾಣೆಯಾಗಿದ್ದಾಳೆ ಎಂದು ಎಲ್ಲರೂ ಶಾಲೆಯ ಸುತ್ತ ಹುಡುಕಿದರು. ಸ್ಟೇಷನ್ ಹುಡುಕಿದರು, ಅಂಗಡಿಗಳಲ್ಲಿ ಕೇಳಿದರು. ನಿಜದಲ್ಲಿ ಅವಳು ಶಾಲೆಗೆ ಬಂದೇ ಇರಲಿಲ್ಲ. ಬೆಳಿಗ್ಗೆ ಮನೆಯಿಂದ ಹೊರಟವಳು ತಮ್ಮ ಚಾಳಿನ ಮೆಟ್ಟಿಲ ಕೆಳಗಿನ ಮೀಟರ್ ರೂಮಿನಲ್ಲಿ ಅಡಗಿ ಕೂತಿದ್ದಳು. ಹೊರಗಿನಿಂದ ಯಾರೋ ನೋಡದೆ ಬಾಗಿಲಿಗೆ ಬೀಗ ಹಾಕಿದ್ದರು. ಆ ತಾಯಿ ಹೋಗುತ್ತ ಬರುತ್ತ ಆ ಬಾಗಿಲ ಎದುರಿನಿಂದಲೇ ಹಾದುಹೋಗಿದ್ದಳು. ಟೀಚರ್ ಬೆಳಗಿನವರೆಗೆ ಬಾಯಿ ಬಿಡಲಿಲ್ಲ. ಬೆಳಿಗ್ಗೆ ಹೋಗಿ, ಪುಸ್ತಕ ಸುಳ್ಳು, ಹುಡುಗಿ ಬಂದಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ ಎಂದು ಹೇಳಿದರು. ಆಗ ಚಾಳಿನಲ್ಲಿ ಹುಡುಕಿದರು, ಅರ್ಧ ಗಂಟೆಯೊಳಗೆ ಹುಡುಗಿ ಸಿಕ್ಕಳು. ಜೀವ ಇತ್ತು.

"ಹೊರಗ ತಂದ್ರು. ಗಂಟಲಾಗ ದನಿ ಇರಲಿಲ್ಲ, ಒದರಿ ಒದರಿ ಹೋಗಿತ್ತು. ನನ್ನ ಕಡೆ ನೋಡಲಿಲ್ಲ," ಎಂದರು ಟೀಚರ್. ಆಮೇಲೆ, "ಈಗ ಎಷ್ಟ್ ನಿಮಿಷ ಆತು?" ಎಂದರು.

ನಾಲ್ವತ್ತೆರಡು ಎಂದೆ.

ಯಾದವ್ ಬಂದು ಲಿಫ್ಟನ್ನು ನಾಲ್ಕನೇ ಮಹಡಿಗೆ ಇಳಿಸುವಾಗ ತೊಂಬತ್ತೇಳು ನಿಮಿಷವಾಗಿತ್ತು. ಟೀಚರ್ ಸೀರೆಯೆಲ್ಲ ಬೆವರಿನಲ್ಲಿ ತೊಯ್ದಿತ್ತು. ಹೊರಗೆ ಬಂದವರೇ ಬಣ್ಣದವರ ಬಾಟಲಿಯಿಂದ ನೀರು ಕುಡಿದು, "ಫೇಲ್ ಅಂತ ಬರಿ" ಎಂದರು. ಆ ಮುಖದಲ್ಲಿ ಎಷ್ಟು ಸಮಾಧಾನವಿತ್ತು ಎಂದರೆ ನನಗೆ ಹೊಟ್ಟೆಕಿಚ್ಚಾಯಿತು.

ಸಂಜೆ ಗಾಳಾಕ್ಕೆ ಹೋಗಿ ಮಿಲಿಂದ್‌ಗೆ ಎಲ್ಲ ಹೇಳಿದೆ. ಟೀಚರ್ ಮನೆಗೆ ಹೋಗಿದ್ದರು. ಅವನು ಹೇಳಿದ್ದು ನನ್ನನ್ನು ಇವತ್ತಿಗೂ ಹಿಡಿದಿಟ್ಟಿದೆ. ಟೀಚರ್ ಹೇಳುತ್ತಿದ್ದದ್ದೇ ಸರಿ, ಹಳದಿ ಕಾಲಂ ಹಾಕೋಣ ಎಂದ. ಕಾರಣ ಹಾಕು, ಹೆಸರೂ ಹಾಕು. ಹೊಸ ರಿಪೋರ್ಟ್ ಈಗಲೇ ಕಳಿಸೋಣ. ಅದರಲ್ಲಿ ಈ ಪರೀಕ್ಷೆಯನ್ನು ಹಳದಿಯಲ್ಲಿ ಇಡು: ಸೈಟಿನಲ್ಲಿ ನಡೆಸಲು ಅನುಮತಿ ಇರಲಿಲ್ಲ, ಮುಂದಿನ ಭೇಟಿಯಲ್ಲಿ ನಡೆಸಲಾಗುವುದು ಎಂದು ಬರಿ. ಬೋರ್ಡು ಬರಲಿ, ಸರಿಮಾಡೋಣ, ಒಂದು ವಾರ.

"ಆದರೆ ಟೆಸ್ಟ್ ನಡೆದಿದೆ," ಎಂದೆ.

"ಯಾರ ಅನುಮತಿಯಿಂದ?" ಎಂದ. "ಫೇಲ್ ಅಂತ ಬರೆದರೆ ಮೊನ್ನೆ ಹಸಿರು ಅಂತ ಸಹಿ ಹಾಕಿದವನು ಯಾರು ಎಂದು ಕೇಳುತ್ತಾರೆ. ಏನು ಹೇಳಲಿ?"

ನಾನು ಹಳದಿ ಕಾಲಂ ಮಾಡಿದೆ, ಟೀಚರ್ ನೋಟ್‌ಬುಕ್ಕಿನಲ್ಲಿ ಇದ್ದ ಹಾಗೆಯೇ. ಪರೀಕ್ಷೆ, ಕಾರಣ, ಹೆಸರು, ದಿನ. ಕಾರಣದಲ್ಲಿ ಅನುಮತಿ ಇಲ್ಲ ಎಂದು ಬರೆದೆ. ಹೆಸರಿನಲ್ಲಿ ನನ್ನ ಹೆಸರು ಬರೆದೆ. ಅಷ್ಟು ಸುಂದರವಾದ ರಿಪೋರ್ಟ್ ಅದಕ್ಕೆ ಮೊದಲು ನಮ್ಮಲ್ಲಿಂದ ಹೋಗಿರಲಿಲ್ಲ. ಸೊಸೈಟಿಯ ಸೆಕ್ರೆಟರಿ ಹಳದಿ ನೋಡಿ ಏನಿದು ಎಂದು ಕೇಳಿದರಂತೆ. ಮಾಮೂಲಿ ಎಂದನಂತೆ ಮಿಲಿಂದ್. ಗುರುವಾರ ಪೂಜೆಯಾಯಿತು, ಜನ ಬಂದರು.

ಟೀಚರ್ ಅದೇ ಗುರುವಾರ ಬೆಳಿಗ್ಗೆ ಟಿವಿಯ ಮುಂದೆ ನಿಂತು ಹೊಸ ರಿಪೋರ್ಟ್ ಓದಿದರು. ಬೆರಳಿಟ್ಟು, ಒಂದೊಂದೇ ಹೆಸರು. ಹಳದಿಯ ಹತ್ತಿರ ಬಂದು ಬೆರಳು ನಿಂತಿತು. ಕನ್ನಡಕ ತೆಗೆಯುತ್ತಾರೆ ಎಂದು ಕಾದೆ. ತೆಗೆಯಲಿಲ್ಲ. ತಮ್ಮ ಕುರ್ಚಿಗೆ ಹೋಗಿ ಕೂತು ಆ ದಿನದ ಕೆಲಸ ಮಾಡಿದರು. ತಿಂಗಳ ಕೊನೆಗೆ ಅವರ ಕಾಂಟ್ರಾಕ್ಟ್ ಮುಗಿಯಿತು, ಮುಂದುವರಿಸಲಿಲ್ಲ. ಹೋಗುವಾಗ ಎಲ್ಲರಿಗೂ ಪೇಢೆ ಕೊಟ್ಟರು, ನನಗೆ ಎರಡು ಕೊಟ್ಟರು. ಯಾಕೆ ಎಂದು ನಾನು ಕೇಳಲಿಲ್ಲ.

ಬೋರ್ಡು ಎಂಟನೇ ದಿನಕ್ಕೆ ಬಂತು. ತಪ್ಪು ನನ್ನ ಬದಲಾವಣೆಯಲ್ಲೇ ಇತ್ತು. ಸರಿಮಾಡಿ ಘಾಟ್ಕೋಪರಿನ ಪ್ಯಾನೆಲ್ಲಿಗೂ ಹಾಕಿದೆ, ಪರೀಕ್ಷೆ ನಡೆಸಿದೆ, ಹಸಿರು ಬಂತು. ನಿಜವಾದ ಹಸಿರು.

ಎರಡು ವರ್ಷದ ನಂತರ, ಟೀಚರಿಗೆ ಹುಷಾರಿಲ್ಲ ಎಂದು ಕೇಳಿ ಅವರ ಮನೆಗೆ ಹೋದೆ. ಜೋಗೇಶ್ವರಿಯ ಪೂರ್ವದಲ್ಲಿ ಒಂದು ಕೋಣೆಯ ಮನೆ. ಮಂಚಕ್ಕೆ ಒರಗಿ ಕೂತಿದ್ದರು, ಬಹಳ ಇಳಿದುಹೋಗಿದ್ದರು. ಈಗ ನಾನೇ ತಂಡದ ಮುಖ್ಯಸ್ಥ, ಮಿಲಿಂದ್ ಬೇರೆ ಕಂಪನಿಗೆ ಹೋದ, ನಿಮ್ಮ ಹಳದಿ ಕಾಲಂ ಈಗಲೂ ಇದೆ, ಹೊಸ ಹುಡುಗರೆಲ್ಲ ಹೊಗಳುತ್ತಾರೆ ಎಂದೆ. ಖುಷಿಪಟ್ಟರು. ಒಂದು ಸಲ ಕೇಳಿಬಿಡಲಿ ಎಂದು ನಾನು ಒಳಗೊಳಗೇ ಬೇಡುತ್ತಿದ್ದೆ. ಅವರು ಕೇಳಲಿಲ್ಲ. ಕೊನೆಗೆ ನಾನೇ ತೆಗೆದೆ.

"ಘಾಟ್ಕೋಪರಿನದ್ದು ಎಂಟೇ ದಿನದಲ್ಲಿ ಸರಿಮಾಡಿದೆ ಟೀಚರ್. ಯಾರೂ ಸಿಕ್ಕಿಬೀಳಲಿಲ್ಲ."

ಅವರು ನನ್ನ ಮುಖ ನೋಡಿದರು. "ಅದು ನಿನಗ ಹ್ಯಾಂಗ ಗೊತ್ತು ತಮ್ಮಾ?" ಎಂದರು. ಅಣಕಿಸುವ ದನಿ ಅಲ್ಲ. ಸಂಜೆ ನನ್ನ ಮೇಜಿನ ಹತ್ತಿರ ಬಂದು ಕಾರಣ ಏನಂತ ಬರೀಲಿ ಎಂದು ಕೇಳುತ್ತಿದ್ದರಲ್ಲ, ಅದೇ ದನಿ. ಉತ್ತರ ಸಿಕ್ಕರೆ ಬರೆದುಕೊಳ್ಳುತ್ತೇನೆ ಎನ್ನುವಂತೆ ಕಾದರು. ಕಂಪ್ಲೇಂಟ್ ಬರಲಿಲ್ಲ ಎಂದೆ. ಅವರ ಮಗಳು ಚಾ ತಂದಳು. ಚಾ ಕುಡಿದು ಎದ್ದುಬಂದೆ. ಮತ್ತೆ ಹೋಗಲಿಲ್ಲ. ಉತ್ತರ ತೆಗೆದುಕೊಂಡು ಹೋಗಬೇಕಿತ್ತು, ನನ್ನ ಹತ್ತಿರ ಇರಲಿಲ್ಲ. ಹುಡುಕಲು ಧೈರ್ಯವೂ ಇರಲಿಲ್ಲ.

ಟೀಚರ್ ಹೋದ ಸುದ್ದಿ ತಿಳಿದ ವಾರ ನಾನು ಘಾಟ್ಕೋಪರಿಗೆ ಹೋದೆ. ವಾಚ್‌ಮನ್ ಅಂದಿನವನೇ. ಶುರುವಿನಲ್ಲಿ, ಜನ ಬಂದ ಮೊದಲ ವಾರ, ಯಾರಾದರೂ ಲಿಫ್ಟಿನಲ್ಲಿ ಸಿಕ್ಕಿಬಿದ್ದಿದ್ದರಾ ಎಂದು ಕೇಳಿದೆ. ಅವನು ಯೋಚಿಸಲೂ ಇಲ್ಲ.

"ಹಾಂ, ಆಠವಾಲೀ ಆಜಿ. ಲೈಟ್ ಗಯೀ ಥೀ."

ಎಂಟನೇ ಮಹಡಿಯ ಅಜ್ಜಿ, ಒಂಟಿಯಾಗಿ ಹತ್ತಿದ್ದರಂತೆ, ಕರೆಂಟು ಹೋಗಿತ್ತಂತೆ. ಮುಕ್ಕಾಲು ಗಂಟೆ. ಕಮಿಟಿಯವರು ಕಂಪನಿಗೆ ಫೋನ್ ಮಾಡಿದ್ದರು; ಕರೆಂಟು ಹೆಚ್ಚುಕಡಿಮೆಯಾಗಿರಬೇಕು, ಲಿಫ್ಟು ಸರಿಯಾಗಿದೆ, ಹತ್ತಿ ಎಂದು ಯಾರೋ ಹೇಳಿದರಂತೆ. ಅಜ್ಜಿ ಆಮೇಲೆ ಹತ್ತಲಿಲ್ಲ. ಮೊಣಕಾಲು ನೋವಿನಿಂದ ಮೆಟ್ಟಿಲೂ ಇಳಿಯಲಾರರು. ಹಳೆಯ ಬಿಲ್ಡಿಂಗಿನಲ್ಲಿ ದಿನಾ ಸಂಜೆ ಕೆಳಗೆ ಬಂದು ಕೂರುತ್ತಿದ್ದವರು, ಈ ಹೊಸದಕ್ಕೆ ಬಂದ ಮೊದಲ ವಾರದಿಂದ ಕೆಳಗೆ ಬಂದಿಲ್ಲ ಎಂದ.

ನಾನು ಮೇಲೆ ಹೋದೆ. ಬೆಲ್ಲು ಒತ್ತಿದೆ. ಬಾಗಿಲಿನ ಸರಪಳಿ ತೆಗೆಯದೆಯೇ ಸಂದಿಯಿಂದ ಒಂದು ಸಣ್ಣ ಮುಖ ಕಂಡಿತು. ಮಗ ಸೊಸೆ ಕೆಲಸಕ್ಕೆ ಹೋಗಿದ್ದಾರೆ ಎಂದರು ಮರಾಠಿಯಲ್ಲಿ. ಲಿಫ್ಟಿನ ಕಂಪನಿಯವನು, ಒಂದು ಮಾತು ಹೇಳಲು ಬಂದೆ ಎಂದೆ. ಏನು ಹೇಳಲು ಬಂದೆ ಎಂದು ನನಗೂ ಸರಿಯಾಗಿ ಗೊತ್ತಿರಲಿಲ್ಲ. ಕ್ಷಮೆ ಕೇಳಬೇಕು ಎಂದಿತ್ತು. ಅವತ್ತು ನೀವು ಸಿಕ್ಕಿಬಿದ್ದದ್ದಕ್ಕೆ ನಾನೇ ಕಾರಣ ಎಂದು ಹೇಳಿದೆ. ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿದರು, ಯಾರೋ ತಲೆಕೆಟ್ಟವನು ಎಂದುಕೊಂಡಿರಬೇಕು.

"ಈಗ ಲಿಫ್ಟು ಸರಿಯಾಗಿದೆ ಆಜಿ," ಎಂದೆ. "ನಾನೇ ಪರೀಕ್ಷೆ ಮಾಡಿದ್ದೇನೆ. ಕರೆಂಟು ಹೋದರೂ ಬಾಗಿಲು ತೆರೆಯುತ್ತದೆ. ಬೇಕಾದರೆ ನಾನೂ ಜೊತೆಗೆ ಬರುತ್ತೇನೆ, ಒಂದು ಸಲ ಕೆಳಗೆ ಹೋಗಿ ಬರೋಣ."

ಅಜ್ಜಿ ನನ್ನ ಹಿಂದೆ ಇದ್ದ ಲಿಫ್ಟಿನ ಬಾಗಿಲನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಸರಿಯಾಗಿದೆ ಅಂತ ಅವತ್ತೂ ಹೇಳಿದ್ದರಪ್ಪ," ಎಂದು, ಬಾಗಿಲು ಹಾಕಿಕೊಂಡರು.